ತುಟಿ ಬಿಚ್ಚದೆ ಹೇಳಿದ್ದು

ಮೌನ ಪ್ರಾರ್ಥನೆ ಎಂದರೆ ಕೂತಲ್ಲೇ ತೂಕಡಿಸುವುದಕ್ಕೆ ಇಟ್ಟ ಗೌರವದ ಹೆಸರು ಎಂದೇ ನಾನು ತಿಳಿದಿದ್ದೆ. ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆ ಪಕ್ಕದ ಬೀದಿಗೂ ಕೇಳಿಸಬೇಕು. ದೇವರು ಮನಸ್ಸಿನೊಳಗಿನದನ್ನೂ ಕೇಳುತ್ತಾನೆ ಎಂದು ಬಾಯಲ್ಲಿ ಹೇಳುತ್ತಿದ್ದೆ, ನಂಬಿರಲಿಲ್ಲ. ನಂಬಿದ್ದರೆ ಅಷ್ಟು ನಿಶ್ಚಿಂತೆಯಿಂದ ಓಡಾಡುತ್ತಿರಲಿಲ್ಲ.

ಏಕೆಂದರೆ ನಾನೊಂದು ವಿಷಯ ಮುಚ್ಚಿಟ್ಟಿದ್ದೆ. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಅತ್ತೆ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದರು. ಒಂದು ಮಧ್ಯಾಹ್ನ ಒಳಗಿನಿಂದ ನನ್ನ ಹೆಸರು ಕೇಳಿಸಿತು. ನಾನು ಏಳಲಿಲ್ಲ. ಮುಂದಿನ ಮಾತು ಕೇಳಿಸದ ಹಾಗೆ ಟಿ.ವಿ.ಯ ಸದ್ದು ಜಾಸ್ತಿ ಮಾಡಿದೆ. ಧಾರಾವಾಹಿ ಮುಗಿದ ಮೇಲೆ ಹೋಗಿ ನೋಡಿದರೆ ಉಸಿರು ನಿಂತಿತ್ತು. ಗಂಡನಿಗೆ, "ನನ್ನ ಕೈ ಹಿಡಿದುಕೊಂಡೇ ಹೋದರು" ಎಂದೆ. ಅವರು ಅದನ್ನು ಭಾನುವಾರ ಸಭೆಯ ಮುಂದೆ ನಿಂತು ದೇವರ ಕೃಪೆಗೆ ಸಾಕ್ಷಿಯಾಗಿ ಹೇಳಿದರು. ಎಲ್ಲರೂ ಸ್ತೋತ್ರ ಎಂದರು, ನಾನೂ ಎಂದೆ.

ಮೂರು ವರ್ಷ ಕಳೆಯಿತು. ವಿನೋಬನಗರದಲ್ಲಿ ಬಟ್ಟೆ ಹೊಲಿಯುವ ಸುನಂದಕ್ಕ ನಮ್ಮ ಸಭೆಯವಳೇ, ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಹರಿಹರದಲ್ಲಿ ಕಾನ್ವೆಂಟಿನ ವಯಸ್ಸಾದ ಸಿಸ್ಟರ್ ಒಬ್ಬರು ಶನಿವಾರ ಬೆಳಿಗ್ಗೆ ಮೌನ ಪ್ರಾರ್ಥನೆ ಕಲಿಸುತ್ತಾರೆಂದು ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋದಳು. ಚಾಪೆಯ ಮೇಲೆ ಆರೇಳು ಹೆಂಗಸರು. "ಏನೂ ಬೇಡಬ್ಯಾಡ್ರಿ. ಸುಮ್ನೆ ಆತನ ಮುಂದೆ ಕೂಡ್ರಿ" ಎಂದರು ಸಿಸ್ಟರ್.

ಮೊದಲೆರಡು ವಾರ ಮನೆಗೆಲಸದ ಲೆಕ್ಕ ಹಾಕುತ್ತಾ ಕೂತೆ. ಮೂರನೆಯ ಶನಿವಾರ ಏನಾಯಿತೋ, ಎದೆ ತುಂಬಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಒಂದು ಶಬ್ದವೂ ಹೊರಬರದಂತೆ, ಮನಸ್ಸಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಎದ್ದಾಗ ಮೈ ಹಗುರವಾಗಿತ್ತು. ಬರುವಾಗ ಬಸ್ಸಿನಲ್ಲಿ ಸುನಂದಕ್ಕನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದೆ.

ಗುರುವಾರ ಸಂಜೆ ಮನೆಪ್ರಾರ್ಥನೆ. ಕೊನೆಯಲ್ಲಿ ಒಬ್ಬೊಬ್ಬರೇ ಎದ್ದು ಪ್ರಾರ್ಥನೆಗೆ ವಿಷಯ ಕೊಡುವುದು ನಮ್ಮಲ್ಲಿ ರೂಢಿ. ಬೇರೆಯವರ ಕಷ್ಟವಾದರೆ ಹೆಸರು ಹೇಳುವುದಿಲ್ಲ, ಆದರೆ ಯಾರದೆಂದು ತಿಳಿಯದವರೂ ಇರುವುದಿಲ್ಲ. ಸುನಂದಕ್ಕ ಎದ್ದಳು.

"ನಮ್ಮ ತಂಗಿ ಒಬ್ಬಾಕಿ ದೊಡ್ಡ ಭಾರ ಹೊತ್ತಾಳೆ. 'ಉಸಿರಾಡಾಕೆ ಆಗ್ತಿಲ್ಲ, ಎಬ್ಬಿಸಿ ಕೂಡ್ಸವ್ವಾ' ಅಂತ ಅತ್ತೆ ಕೂಗಿದ್ರೆ, ಟಿ.ವಿ. ಸದ್ದು ಜಾಸ್ತಿ ಮಾಡಿದ್ಲಂತೆ. ಆಕಿಗೆ ಕ್ಷಮೆ ಸಿಗ್ಲಿ ಅಂತ ಬೇಡ್ಕಳನ."

ನನ್ನ ಪಕ್ಕದಲ್ಲಿ ಕೂತಿದ್ದ ಗಂಡ ಬೈಬಲ್ ಮುಚ್ಚಿದರು.

ಎಲ್ಲರೂ ಹೋದ ಮೇಲೆ ಸುನಂದಕ್ಕನ ರಟ್ಟೆ ಹಿಡಿದು ಕೇಳಿದೆ. ಅವಳು ಬೆಪ್ಪಾದಳು. "ನೀನೇ ಹೇಳಿದ್ಯಲ್ಲವ್ವಾ! ಹರಿಹರದಾಗೆ ಕೂತಾಗ, ನನ್ನ ಕಿವೀಲಿ, ಅಳ್ತಾ. ಹೆಸರು ಎಲ್ಲಿ ಹೇಳಿದೆ ನಾನು?" ಅವಳ ಮುಖದಲ್ಲಿ ಸುಳ್ಳಿನ ಸುಳಿವಿರಲಿಲ್ಲ.

ಮಾರನೆಯ ದಿನವೇ ಹರಿಹರಕ್ಕೆ ಹೋದೆ. "ಅವತ್ತು ಯಾರೂ ಬಾಯಿ ಬಿಟ್ಟಿಲ್ಲವ್ವಾ" ಎಂದರು ಸಿಸ್ಟರ್. "ಸುನಂದಾ ಬಾಗ್ಲ ಹತ್ರ ಕೂತಿದ್ಲು. ನೀನು ಈ ಗೋಡಿಗೆ."

ನನಗೇ ತಿಳಿಯದಂತೆ ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಗೊಣಗಿದೆನೇನೋ ಎಂದು ನೀವು ಹೇಳಬಹುದು. ನಾನೂ ಹಾಗೆಂದುಕೊಂಡು ಸಮಾಧಾನಪಡಲು ನೋಡಿದೆ. ಆದರೆ ಅತ್ತೆ ಏನೆಂದು ಕೂಗಿದರೆಂಬುದು ನನಗೇ ಗೊತ್ತಿಲ್ಲವಲ್ಲ! ಕೇಳಿಸದ ಹಾಗೆ ಮಾಡಿಕೊಂಡವಳು ನಾನು. ನಾನು ಕೇಳದ ಮಾತು ನನ್ನ ಬಾಯಿಂದ ಹೇಗೆ ಬರುತ್ತದೆ? ನಾನು ಹೇಳಿದ್ದು ಒಬ್ಬನಿಗೆ ಮಾತ್ರ. ಆ ಮನೆಯೊಳಗೆ ಅವತ್ತು ಆ ಮಾತನ್ನು ಕೇಳಿದ್ದವನೂ ಅವನೊಬ್ಬನೇ. ನಂಬಿ ಹೇಳಿಕೊಂಡದ್ದಕ್ಕೆ ಹೀಗೆ ಬೀದಿಗೆ ತಂದನಲ್ಲ ಎಂಬ ಸಿಟ್ಟು ಇವತ್ತಿಗೂ ಆರಿಲ್ಲ.

ಗಂಡ ಬೈಯಲಿಲ್ಲ. "ನಾನು ಸಾಕ್ಷಿ ಹೇಳಿದ್ನಲ್ಲೇ" ಎಂದರು, ಅಷ್ಟೆ. ಎಷ್ಟೋ ದಿನದ ನಂತರ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು. "ಅವ್ವ ಹಂಗಂತ ಕೂಗಿದ್ದು ನಿಜಾನಾ?"

ನನಗೆ ಗೊತ್ತಿಲ್ಲ ಎಂದೆ. ಆ ಸಾವಿನ ಬಗ್ಗೆ ನಾನು ಅವರಿಗೆ ಹೇಳಿದ ಮೊದಲ ನಿಜ ಅದು. ಅವರು ನಂಬಲಿಲ್ಲ.