ದ ಅಲ್ಲ ಸಾರ್, ದ

ಮೊನ್ನೆ ರವೀಂದ್ರನಗರದ ನಮ್ಮ ಮನೆಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವನು ಬಂದಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಭಾಗ ಒರೆಸುತ್ತಾ ಹೋದಂತೆ ವಾಸನೆ ಹಜಾರವೆಲ್ಲ ತುಂಬಿತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಅರವತ್ತು ವರ್ಷಗಳಿಗೂ ಹಿಂದೆ, ಗಾಂಧಿಬಜಾರಿನ ಹಿಂದುಗಡೆಯ ಒಂದು ಅಚ್ಚುಕೂಟದಲ್ಲಿ ಸಂಜೆ ಸಂಜೆ ಸೀಸದ ಅಚ್ಚುಮೊಳೆ ತೊಳೆಯುವಾಗ ಏಳುತ್ತಿದ್ದ ವಾಸನೆ ಅದು... ಯಂತ್ರದ ಡ್ರಾಯರ್ ಎಳೆದು ನೋಡಿದೆ. ಗುಂಡಿ, ದಾರದುಂಡೆಗಳ ಕೆಳಗೆ ನನ್ನ ಹಳೆಯ ಮೊಳೆ ಹಾಗೇ ಇತ್ತು. ಒಂದೇ ಒಂದು ‘ದ’.

ನಾನು ಆ ಅಚ್ಚುಕೂಟದಲ್ಲಿ ಕರಡು ತಿದ್ದುವವನಾಗಿದ್ದೆ. ಇಂಟರ್ ಫೇಲಾಗಿದ್ದರೂ ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರೆ ದೊಡ್ಡ ಪಂಡಿತನಾದಷ್ಟು ಜಂಬ. ಮೊಳೆ ಜೋಡಿಸಲು ಜನ ಬೇಕಾಗಿದೆ ಎಂದು ಯಜಮಾನರು ಬಾಗಿಲಿಗೆ ಬೋರ್ಡು ಹಾಕಿದ ವಾರ ಭದ್ರಾವತಿ ಅಣ್ಣ ಬಂದರು. ಬೆಳಗಿನ ರೈಲಿಗೆ ಬಂದಿದ್ದರು. ಅವರ ತಂದೆ ಕಬ್ಬಿಣದ ಕೆಲಸಕ್ಕೆಂದು ತಮಿಳು ಸೀಮೆಯಿಂದ ಬಂದು ನೆಲೆಸಿದವರು. ಇವರು ಹುಟ್ಟಿದ್ದು, ಕನ್ನಡ ಶಾಲೆಯಲ್ಲಿ ಓದಿದ್ದು ಎಲ್ಲ ಭದ್ರಾವತಿಯಲ್ಲೇ. ಕಡುಕಪ್ಪು ಬಣ್ಣ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಒಗೆದು ಒಗೆದು ತೆಳುವಾದ ಬಿಳಿ ಅಂಗಿ. ನಾವು ಅವರನ್ನು ಹಾಗೆ ಅಣ್ಣ ಎಂದು ಕರೆದದ್ದು ಆಮೇಲೆ. ಅವತ್ತು ಕರೆಯುವ ಅಗತ್ಯವೇ ಯಾರಿಗೂ ಕಂಡಿರಲಿಲ್ಲ.

ಯಜಮಾನರು ಅವರ ಮುಖ ನೋಡಿದರು. ಮೊಳೆ ಕೊಡಲಿಲ್ಲ, ಪಂಚಾಂಗ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು. ‘ಧನಧಾನ್ಯ ಸಮೃದ್ಧಿ’ ಎಂದಿದ್ದಲ್ಲಿ ಅವರ ಬಾಯಿಂದ ‘ದನದಾನ್ಯ’ ಬಂತು. ಅಚ್ಚುಕೂಟವೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆನೇನೋ...

“ಈ ಬಣ್ಣಕ್ಕೂ ಈ ನಾಲಿಗೆಗೂ ಕನ್ನಡ ಎಲ್ಲಿಂದ ಹತ್ತುತ್ತೆ ಮಾರಾಯ? ಬೇಕಿದ್ರೆ ಟ್ರೆಡಲ್ ತುಳೀತಾ ಇರು” ಎಂದರು ಯಜಮಾನರು.

ಅದೇ ವಾರ ಯಜಮಾನರ ಷಡ್ಡಕನ ಮಗ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿಕೊಂಡ. ಬೆಳ್ಳಗೆ, ನೋಡಲು ಲಕ್ಷಣವಾಗಿದ್ದ. ಅವನಿಗೆ ಯಾರೂ ಏನನ್ನೂ ಓದಿಸಲಿಲ್ಲ. ನಿಜ ಹೇಳಬೇಕೆಂದರೆ ಅವನು, ನಾನು, ಯಜಮಾನರು, ರೈಲ್ವೆ ಸ್ಟೇಷನ್ನಿನ ಪೋರ್ಟರು, ಎಲ್ಲರೂ ಮಾತಿನಲ್ಲಿ ‘ಬದ್ರಾವತಿ’ ಎಂದೇ ಅನ್ನುತ್ತಿದ್ದೆವು. ನಮ್ಮ ಮಹಾಪ್ರಾಣ ಎಲ್ಲಿ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಅಣ್ಣ ಅಚ್ಚು ಹಾಕುವ ಟ್ರೆಡಲ್ ಯಂತ್ರಕ್ಕೆ ನಿಂತರು. ಬೆಳಗ್ಗೆಯಿಂದ ಸಂಜೆಯವರೆಗೆ ಕಾಲಿನಲ್ಲಿ ತುಳಿಯುವುದು, ಕೈಯಲ್ಲಿ ಹಾಳೆ ಕೊಡುವುದು, ತೆಗೆಯುವುದು. ಒಂದು ದಿನ ಸ್ಟೇಷನ್ನಿನ ತನಕ ಜೊತೆಗೆ ನಡೆದಾಗ, ಬೇಜಾರಾಯಿತೇ ಎಂದು ನಾಚಿಕೆಯಿಲ್ಲದೆ ಕೇಳಿದೆ.

“ಕಪ್ಪು ಅಂದಿದ್ದಕ್ಕಲ್ಲ ಸಾರ್. ಮೊಳೇನೂ ಕಪ್ಪೇ. ಬಾಯಿ ನೋಡಿದ್ರು, ಕೈ ನೋಡ್ಲಿಲ್ಲ, ಅದಕ್ಕೆ” ಎಂದರು. ಅವರಿಗೆ ಮೂರು ಭಾಷೆಯ ಮೊಳೆ ಜೋಡಿಸಲು ಬರುತ್ತದೆಂದು ಆಗ ನನಗೆ ಗೊತ್ತಾಯಿತು. ಆದರೂ ಯಜಮಾನರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮೂರು ತಿಂಗಳಾಗಿರಬೇಕು. ಊರಿನ ದೊಡ್ಡ ಅಡಿಕೆ ಮಂಡಿ ಸಾಹುಕಾರರ ಮಗಳ ಲಗ್ನಪತ್ರಿಕೆ ಬಂತು. ಷಡ್ಡಕನ ಮಗ ಜೋಡಿಸಿದ, ನಾನು ಕರಡು ನೋಡಿ ಸಹಿ ಹಾಕಿದೆ. ಸಾಹುಕಾರರೇ ಅಚ್ಚಾಗುವುದನ್ನು ನೋಡಲು ಬಂದು ಕುಳಿತಿದ್ದರು. ಮೊದಲ ಹಾಳೆ ತೆಗೆದು ನೋಡಿದವರೇ ಅಣ್ಣ ಕಾಲು ನಿಲ್ಲಿಸಿಬಿಟ್ಟರು. ಯಜಮಾನರು ಧಾವಿಸಿ ಬಂದರು.

“ಮದುವೆ ಹುಡುಗಿ ಹೆಸ್ರು ತಪ್ಪಾಗಿದೆ ಸಾರ್. ದ ಅಲ್ಲ ಸಾರ್, ದ.”

“ಏನಯ್ಯಾ ಅದು, ದ ಅಲ್ಲ ದ?” ಎಂದರು ಯಜಮಾನರು. ಮತ್ತೆ ಅದೇ ನಗು. ಈ ಸಲ ನಾನು ನಗಲಿಲ್ಲ ಎಂದು ಹೇಳಿಕೊಳ್ಳಲು ಆಸೆ, ನಕ್ಕೆ.

ಅಣ್ಣ ವಾದಕ್ಕೆ ನಿಲ್ಲಲಿಲ್ಲ. ಮೊಳೆ ಬಿಗಿದಿದ್ದ ಚೌಕಟ್ಟನ್ನು ಕಳಚಿ ಮೇಜಿನ ಮೇಲಿಟ್ಟು, ಚಿಮಟದಿಂದ ಒಂದು ಮೊಳೆ ಎತ್ತಿ ಯಜಮಾನರ ಅಂಗೈಗೆ ಹಾಕಿದರು. ಆಮೇಲೆ ಅದುವರೆಗೆ ಮುಟ್ಟಲು ಬಿಟ್ಟಿರದ ಮೊಳೆಯ ಖಾನೆಗಳ ಹತ್ತಿರ ಹೋಗಿ, ಹುಡುಕದೆ, ತಡವರಿಸದೆ, ಇನ್ನೊಂದು ಮೊಳೆ ತೆಗೆದು ಅದರ ಪಕ್ಕ ಇಟ್ಟರು. ಒಂದು ‘ದ’. ಇನ್ನೊಂದು, ಕೆಳಗೆ ಗೀಟಿರುವ ‘ಧ’. ಮದುವಣಗಿತ್ತಿಯ ಹೆಸರು ಧನಲಕ್ಷ್ಮಿ. ನಾವು ಅಚ್ಚು ಹಾಕಲು ಹೊರಟಿದ್ದು ದನಲಕ್ಷ್ಮಿ.

ನಗು ನಿಂತುಹೋಯಿತು. ಸಾಹುಕಾರರು ಹಾಳೆ ಈಸಿಕೊಂಡು ಓದಿ, “ನನ್ನ ಮಗಳನ್ನ ಕೊಟ್ಟಿಗೇಲಿ ಕಟ್ತಿದ್ರಲ್ರೀ!” ಎಂದರು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ನಾಲಿಗೆ ಚೆನ್ನಾಗಿ ಹೊರಳುವ ನಾನು, ಅಲ್ಲಿ ಏನಿರಬೇಕೋ ಅದನ್ನೇ ಓದಿಬಿಟ್ಟಿದ್ದೆ. ಎರಡೂ ಒಂದೇ ಥರ ಕೇಳುವ ಅಣ್ಣನಿಗೆ ಕಣ್ಣೊಂದೇ ಗತಿ. ಅವರು ಅಲ್ಲಿ ಇದ್ದದ್ದನ್ನು ಓದಿದ್ದರು.

ಯಜಮಾನರು ಮೆತ್ತಗಾಗಿ, ನಾಳೆಯಿಂದ ನೀನೇ ಜೋಡಿಸು ಎಂದರು. ಅಣ್ಣ ತಲೆಯಾಡಿಸಿಬಿಡಬಹುದಿತ್ತು. “ಹಂಗೆ ಬೇಡ ಸಾರ್. ಪರೀಕ್ಷೆ ಮಾಡಿ. ಎಲ್ಲರಿಗೂ ಮಾಡಿ” ಎಂದರು.

ಸಾಹುಕಾರರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, “ಮಾಡಿ, ನಾನೂ ನೋಡ್ತೀನಿ” ಎಂದು ಕೂತೇಬಿಟ್ಟರು. ಮತ್ತೆ ಲಗ್ನಪತ್ರಿಕೆಯದೇ ಬರಹ. ಅಣ್ಣ ಒಂದು ಕಡೆ, ಷಡ್ಡಕನ ಮಗ ಇನ್ನೊಂದು ಕಡೆ. ಅಬ್ಬಾ, ಆ ಕೈ! ಮೊಳೆಗಳು ತಾವಾಗಿ ಎದ್ದು ಬರುತ್ತಿವೆಯೇನೋ ಅನ್ನಿಸಿತು. ಇವರು ಮುಗಿಸಿ ಕೈ ಒರೆಸಿಕೊಂಡಾಗ ಅವನಿನ್ನೂ ‘ಚಿರಂಜೀವಿ ಸೌಭಾಗ್ಯವತಿ’ಯಲ್ಲೇ ಇದ್ದ. ಕರಡು ನನ್ನ ಕೈಗೆ ಬಂತು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದೆ. ಅಣ್ಣನ ಹಾಳೆಗೆ ಕೆಂಪು ಪೆನ್ಸಿಲ್ ಮುಟ್ಟಿಸುವ ಪ್ರಸಂಗವೇ ಬರಲಿಲ್ಲ. “ಒಂದೂ ತಪ್ಪಿಲ್ಲ” ಎಂದು ಕೂಗಿದೆ. ನನ್ನ ಪರೀಕ್ಷೆ ಪಾಸಾಗಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಮರುದಿನ ಟ್ರೆಡಲ್ ತುಳಿದವನು ಷಡ್ಡಕನ ಮಗ. ತೆಗೆದ ‘ದ’ವನ್ನು ಅಣ್ಣ ನನ್ನ ಮೇಜಿನ ಮೇಲಿಟ್ಟು, “ಇಟ್ಕೊಳ್ಳಿ ಸಾರ್, ನಿಮಗೆ ಬೇಕಾಗುತ್ತೆ” ಎಂದು ಕಣ್ಣು ಮಿಟುಕಿಸಿದರು. ಕೆಲವೇ ವರ್ಷಗಳಲ್ಲಿ ಅವರು ಅಲ್ಲಿನ ಫೋರ್‌ಮನ್ ಆದರು. ಕೆಲಸ ಕೇಳಿಕೊಂಡು ಬಂದವರನ್ನು ಯಾರ ಪೈಕಿ, ಮನೆಮಾತು ಯಾವುದು ಎಂದು ಒಮ್ಮೆಯೂ ಕೇಳಲಿಲ್ಲ. ಮೊಳೆಯ ಖಾನೆಗಳ ಮುಂದೆ ನಿಲ್ಲಿಸಿ ಒಂದೇ ಹೆಸರು ಜೋಡಿಸಲು ಹೇಳುತ್ತಿದ್ದರು: “ದನಲಕ್ಷ್ಮಿ.” ಅವರ ನಾಲಿಗೆ ಕೊನೆಯವರೆಗೂ ಬದಲಾಗಲಿಲ್ಲ, ಬದಲಾಗಬೇಕೆಂದು ಯಾರೂ ಹೇಳಲೂ ಇಲ್ಲ. ನಮ್ಮ ಅಚ್ಚುಕೂಟದಲ್ಲಿ ‘ಧ’ಕ್ಕೆ ‘ಭದ್ರಾವತಿ ದ’ ಎಂಬ ಹೆಸರೇ ನಿಂತುಹೋಯಿತು.

ಅಚ್ಚುಕೂಟ ಮುಚ್ಚಿ ಎಷ್ಟೋ ಕಾಲವಾಯಿತು... ರಿಪೇರಿಯವನು ಹೋದ ಮೇಲೆ, ಕಳೆದ ತಿಂಗಳು ಭದ್ರಾವತಿಯಿಂದ ಅಂಚೆಯಲ್ಲಿ ಬಂದ ಕಾರ್ಡನ್ನು ಮತ್ತೆ ತೆಗೆದು ನೋಡಿದೆ. ಹೊಳೆಯುವ ಕಾಗದ, ಬಣ್ಣದಲ್ಲಿ ಅಣ್ಣನ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ‘ನಿದನ’ ಎಂದಿದೆ. ಯಂತ್ರ ನಿಲ್ಲಿಸುವವರು ಅಲ್ಲಿ ಯಾರೂ ಇರಲಿಲ್ಲ. ಮೊಮ್ಮಗಳ ಹತ್ತಿರ ಕೆಂಪು ಪೆನ್ಸಿಲ್ ಕೇಳಿ ತರಿಸಿಕೊಂಡು, ನಡುವಿನ ಆ ‘ದ’ ಅಕ್ಷರದ ಕೆಳಗೆ ಒಂದು ಗೀಟು ಎಳೆದೆ.

“ಏನು ತಾತ, ತಪ್ಪಾ?” ಎಂದಳು.

“ಹೌದು ಪುಟ್ಟಿ” ಎಂದೆ. “ದ ಅಲ್ಲ, ದ.”