ಡಿಸೆಂಬರಿನಿಂದ ಹಿಂದಕ್ಕೆ

ಟ್ರ್ಯಾಕ್ ಸೈಕ್ಲಿಂಗಿನ ವಿಶ್ವ ಚಾಂಪಿಯನ್‌ಶಿಪ್ ಮ್ಯಾಂಚೆಸ್ಟರಿನಲ್ಲಿ ನಡೆದಾಗ ಅಲ್ಲಿ ಕರ್ತವ್ಯಕ್ಕಿದ್ದ ವೈದ್ಯರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಅವಳ ಕೆಲಸ. ಪಾಳಿ ಅದಲುಬದಲು ಮಾಡಿಕೊಂಡು, ಸಂಬಳವಿಲ್ಲದೆ ಇಂಥ ಕ್ರೀಡಾಕೂಟಗಳಿಗೆ ಹೋಗುವುದು ಅವಳಿಗೆ ಇಷ್ಟ. ನಾನು ಪತ್ರಿಕೆಯಲ್ಲಿ ಉಪಸಂಪಾದಕ. ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ, ಸೈಕ್ಲಿಂಗ್ ನನ್ನ ವಿಷಯವಲ್ಲ. ಸಟನ್ ಕೋಲ್ಡ್‌ಫೀಲ್ಡಿನ ಮನೆಯಿಂದ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಮನೆಯವರಿಗೆಂದು ಕೊಟ್ಟ ಪಾಸಿನಲ್ಲಿ ಒಳಗೆ ಕೂತಿದ್ದೆ, ಅಷ್ಟೆ. ಮುಂದೆ ಹೇಳುವುದರಲ್ಲಿ ನಾನು ಕಂಡದ್ದು ಯಾವುದು, ಅವಳು ಹೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿಯೇ ಇಡುತ್ತೇನೆ.

ನನಗೆ ಸಿಕ್ಕಿದ ಜಾಗ ನೆದರ್ಲೆಂಡ್ಸಿನ ಅಭಿಮಾನಿಗಳ ನಡುವೆ. ಸುತ್ತಲೂ ಕಿತ್ತಳೆ ಬಣ್ಣದ ಅಂಗಿ, ಟೋಪಿ, ಶಾಲು. ಪಕ್ಕದ ಸೀಟಿನಲ್ಲಿ ವಯಸ್ಸಾದ ಡಚ್ ಹೆಂಗಸೊಬ್ಬರಿದ್ದರು. ಹಡಗಿನಲ್ಲಿ ಹಲ್ ಬಂದರಿಗೆ ಬಂದು, ಅಲ್ಲಿಂದ ತಮ್ಮ ಕ್ಲಬ್ಬಿನವರ ಜೊತೆ ಬಸ್ಸಿನಲ್ಲಿ ಬಂದವರು.

"ನೀವು ಯಾರ ಕಡೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಯಾರ ಕಡೆಯೂ ಇಲ್ಲ."

"ಈ ಸಾಲಿನಲ್ಲಿ ಹಾಗೆ ಕೂರಲು ಬಿಡುವುದಿಲ್ಲ," ಎಂದು ನನ್ನ ಕೈಗೆ ಒಂದು ಕಾಗದದ ಬಾವುಟ ಕೊಟ್ಟರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡೆ.

ಆಟವನ್ನು ನನಗೆ ವಿವರಿಸಿದವರೂ ಅವರೇ. ಸ್ಪ್ರಿಂಟ್ ಎಂಬ ಈ ಸ್ಪರ್ಧೆಯಲ್ಲಿ ಟ್ರ್ಯಾಕಿನ ಮೇಲೆ ಇಬ್ಬರೇ. ಮೊದಲು ಒಬ್ಬರನ್ನೊಬ್ಬರು ನೋಡುತ್ತ, ಬಿದ್ದುಹೋಗುತ್ತಾರೇನೋ ಎನ್ನುವಷ್ಟು ನಿಧಾನಕ್ಕೆ ಸುತ್ತುತ್ತಾರೆ. ಆಮೇಲೆ ಯಾರೋ ಒಬ್ಬರು ಇದ್ದಕ್ಕಿದ್ದಂತೆ ನುಗ್ಗುತ್ತಾರೆ. ಮೂರು ಓಟಗಳಲ್ಲಿ ಎರಡನ್ನು ಗೆದ್ದವರು ಮುಂದಿನ ಸುತ್ತಿಗೆ. ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ.

ಆ ಮಧ್ಯಾಹ್ನ ಕ್ವಾರ್ಟರ್ ಫೈನಲಿನಲ್ಲಿ ಡಚ್ ತಂಡದ ಒಬ್ಬ ಹುಡುಗಿ ಇದ್ದಳು. "ಇವಳಿಗೆ ಇದು ಮೊದಲ ಸಲ," ಎಂದರು ಆ ಹೆಂಗಸು. "ನಮ್ಮ ಇನ್ನೊಬ್ಬಳಿಗೆ ಬೆನ್ನು ನೋವು, ಅದಕ್ಕೆ ಇವಳಿಗೆ ಜಾಗ ಸಿಕ್ಕಿತು. ಆ ಇನ್ನೊಬ್ಬಳು ಬೇಸಿಗೆಗೆ ವಾಪಸು ಬರುತ್ತಾಳೆ. ಇವಳು ತಂಡದಲ್ಲಿ ಉಳಿಯಬೇಕಾದರೆ ಇಲ್ಲೇ ಏನಾದರೂ ಮಾಡಿ ತೋರಿಸಬೇಕು. ನಮ್ಮಲ್ಲಿ ಒಳ್ಳೆಯವರು ಜಾಸ್ತಿ, ಜಾಗ ಕಡಿಮೆ."

ಮೊದಲ ಓಟವನ್ನು ಆ ಹುಡುಗಿ ಗೆದ್ದಳು. ಎರಡನೆಯದರ ಕೊನೆಯ ತಿರುವಿನಲ್ಲಿ ಅವಳ ಮುಂದಿನ ಚಕ್ರ ಎದುರಾಳಿಯ ಹಿಂದಿನ ಚಕ್ರಕ್ಕೆ ತಗುಲಿತು. ಗೋಡೆಯಂತೆ ಎದ್ದು ನಿಂತ ಆ ಮರದ ಟ್ರ್ಯಾಕಿನಿಂದ ಹುಡುಗಿ ಜಾರಿ ಕೆಳಕ್ಕೆ ಬಂದಳು. ಎದುರಾಳಿಯ ತಪ್ಪಿಲ್ಲವೆಂದು ತೀರ್ಪಾಯಿತು. ಒಂದು ಗೆಲುವು ಇವಳಿಗೆ, ಒಂದು ಅವಳಿಗೆ. ಉಳಿದದ್ದು ಮೂರನೆಯ ಓಟ. ಅದಕ್ಕೆ ಸ್ವಲ್ಪ ಹೊತ್ತು ಬಿಡುವು ಕೊಟ್ಟರು.

ಟ್ರ್ಯಾಕಿನ ನಡುವಣ ಅಂಗಳದಲ್ಲಿ ನನ್ನ ಹೆಂಡತಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸಿದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಬೆರಳು ಆಡಿಸಿ ಕಣ್ಣು ನೋಡಿದಳು. ಎಬ್ಬಿಸಿ ಒಂಟಿಕಾಲಿನಲ್ಲಿ ನಿಲ್ಲಿಸಿದಳು. ಹುಡುಗಿ ಗೆರೆ ಎಳೆದಂತೆ ನಡೆದು ತೋರಿಸಿದಳು. ನನ್ನ ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರಿಬ್ಬರೂ ಕೂತು ಏನೋ ಮಾತಾಡಿದರು. ಹುಡುಗಿ ಹೇಳುತ್ತ ಹೇಳುತ್ತ ಮಾತು ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು. ಅವಳ ತಂಡದ ಕೋಚ್ ನಡುವೆ ಬಾಗಿ ಏನನ್ನೋ ಕೇಳಿದ. ನನ್ನ ಹೆಂಡತಿ ಅಂಗೈ ಎತ್ತಿ ಅವನನ್ನು ತಡೆದಳು. ಸ್ವಲ್ಪ ಹೊತ್ತಿಗೆ ಎದ್ದು ಅಧಿಕಾರಿಯ ಬಳಿ ಹೋಗಿ ಒಂದು ಮಾತು ಹೇಳಿದಳು. ನೆದರ್ಲೆಂಡ್ಸಿನ ಸ್ಪರ್ಧಿ ಮೂರನೆಯ ಓಟಕ್ಕೆ ಇಳಿಯುವುದಿಲ್ಲ ಎಂದು ಧ್ವನಿವರ್ಧಕದಲ್ಲಿ ಬಂತು. ಹುಡುಗಿ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದಳು.

"ನಿಂತಳಲ್ಲ. ನಡೆದಳಲ್ಲ," ಎಂದರು ಪಕ್ಕದವರು. "ಯಾರು ಆ ಡಾಕ್ಟರು?"

"ತಲೆಗೆ ಪೆಟ್ಟಾಗಿರಬಹುದು," ಎಂದೆ. ಯಾರೆಂದು ಹೇಳಲಿಲ್ಲ.

"ಅಂಥ ಡಾಕ್ಟರರು ಇರಬೇಕು, ನಿಜ," ಎಂದರು. "ಇವತ್ತು ಇರಬಾರದಿತ್ತು."

ಸಂಜೆ ಮನೆಗೆ ಹೊರಟು ಮೋಟಾರ್‌ವೇ ಹತ್ತಿದೆವು. ನನ್ನ ಹೆಂಡತಿ ರೋಗಿಗಳ ವಿಷಯ ಮನೆಗೆ ತರುವವಳಲ್ಲ. ಆವತ್ತು ತಾನಾಗಿ ಹೇಳಿದಳು. ಅವಳದು ಧಾರವಾಡ, ನನ್ನದು ಉಡುಪಿ ಕಡೆ. ಹೊರಗೆ ನಾಲ್ಕು ಜನ ಕನ್ನಡದವರು ಸೇರಿದಾಗ ಇಬ್ಬರೂ ಬೆಂಗಳೂರಿನವರಂತೆ ಮಾತಾಡುತ್ತೇವೆ, ಕಾರಿನಲ್ಲಿ ಅದು ಬೇಕಾಗುವುದಿಲ್ಲ.

"ಮೈ, ಕೈ ಎಲ್ಲಾ ಸರಿ ಇತ್ರೀ. ಡಿಸೆಂಬರಿನಿಂದ ಹಿಂದಕ್ಕ ತಿಂಗಳ ಹೆಸರು ಹೇಳು ಅಂದ್ನಿ. ಸೆಪ್ಟೆಂಬರ್ ತನಕ ಬಂದು ನಿಂತ್ಳು. ಮತ್ತ ಮೊದಲಿಂದ ಹಿಡದ್ಳು, ಜೂನ್ ಬಿಟ್ಳು. ಅಂಕಿ ಉಲ್ಟಾ ಹೇಳೂದ್ರಾಗೂ ಹಂಗ. ತಡವರಸಾಕತ್ತಿದ್ಳು."

"ಕೋಚ್ ಎಂತ ಹೇಳಿದ?"

"ಡಚ್‌ನ್ಯಾಗ ನಾ ಕೇಳ್ತೀನಿ ಅಂದ. ಬ್ಯಾಡ ಅಂದ್ನಿ. ಆಕಿ ಏನ್ ಹೇಳಿದ್ಳು ಅಂತ ನಂಗ ತಿಳಸಂವ ಆತನ ಅಲ್ಲೇನ್ರೀ? ಆತಗ ಆಕಿ ಸೈಕಲ್ ಹತ್ತಬೇಕಾಗಿತ್ತು. ತಂಡದ ಡಾಕ್ಟರು ಇನ್ನೊಬ್ಬನ್ನ ಕರಕೊಂಡು ಸ್ಕ್ಯಾನಿಗೆ ಹೋಗಿದ್ರು."

"ಸರಿಯೇ ಮಾಡಿದ್ದಿ ಮಾರಾಯ್ತಿ. ಸಂಶಯ ಇಟ್ಕೊಂಡು ಬಿಡ್ಲಿಕ್ಕೆ ಆಗ್ತದಾ?"

"ಇಲ್ಲ. ಬಿಡಾಕ ಬರೂದಿಲ್ಲ."

ಒಂದು ಪೆಟ್ಟು ಬಿದ್ದ ಮಿದುಳಿಗೆ ಕೂಡಲೇ ಇನ್ನೊಂದು ಬಿದ್ದರೆ ಪ್ರಾಣಕ್ಕೇ ಕುತ್ತು ಬರಬಹುದು ಎಂಬುದು ನನಗೂ ಗೊತ್ತಿತ್ತು. ಅದರ ಬಗ್ಗೆ ಬಂದ ಎಷ್ಟೋ ಸುದ್ದಿಗಳನ್ನು ನಾನೇ ತಿದ್ದಿದ್ದೇನೆ. ನಿಯಮದ ಪ್ರಕಾರ ಅವಳು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ ಎಂದೇ ಹೇಳುತ್ತೇನೆ.

ಆ ದಿನಗಳಲ್ಲಿ ಅತ್ತೆ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದರು. ಬೆಳಿಗ್ಗೆ ಚಹಾ ಆದ ಮೇಲೆ ಮಗಳು ಅವರ ನಾಡಿ ಹಿಡಿದು ನೋಡುವುದು ರೂಢಿ. ಬೆರಳಿಗೆ ಸಿಕ್ಕಿಸುವ ಯಂತ್ರ ಮನೆಯಲ್ಲಿದೆ, ಅತ್ತೆಗೆ ಅದರ ಮೇಲೆ ನಂಬಿಕೆಯಿಲ್ಲ. ಮರುದಿನವೂ ಅಡುಗೆಮನೆಯ ಮೇಜಿನ ಬಳಿ ಗಡಿಯಾರ ನೋಡುತ್ತ, ತುಟಿಯಲ್ಲೇ ಎಣಿಸುತ್ತ ಕೂತಿದ್ದಳು.

"ಈ ದೇಶಕ್ಕ ಬಂದು ಎಷ್ಟ ಕಾಲ ಆತವಾ," ಎಂದರು ಅತ್ತೆ. "ನನ್ನ ನಾಡಿ ಮಾತ್ರ ಇನ್ನೂ ಕನ್ನಡದಾಗ ಎಣಸ್ತೀ."

"ನಿಂದಷ್ಟ ಅಲ್ಲವ್ವಾ, ಎಲ್ಲಾರ್ದೂ. ಇಂಗ್ಲಿಷ್‌ನ್ಯಾಗ ಎಣಿಸಿದ್ರ ನಡುವ ತಪ್ತೈತಿ."

ಸಹಜವಾಗಿ ಹೇಳಿದ ಮಾತು. ಹೇಳಿ ಮುಗಿಸಿದವಳು ಅಮ್ಮನ ಕೈ ಬಿಟ್ಟಳು.

"ಯಾಕ? ನಿಂತೈತೇನು?" ಎಂದರು ಅತ್ತೆ.

ಅವಳು ನನ್ನ ಕಡೆ ತಿರುಗಿದಳು. "ರೀ, ಡಿಸೆಂಬರಿನಿಂದ ಹಿಂದಕ್ಕ ಹೇಳ್ರಿ." ಹೇಳಿದೆ. ಎಲ್ಲೂ ತಡೆಯಲಿಲ್ಲ. ಶಾಲೆಯಿಂದಲೂ ನಮಗೆ ಅವೇ ತಿಂಗಳುಗಳು. ಸಂಬಳ, ಹುಟ್ಟುಹಬ್ಬ, ಮಾರ್ಟ್‌ಗೇಜ್ ಎಲ್ಲ ಆ ಲೆಕ್ಕದಲ್ಲೇ. "ಈಗ ಚೈತ್ರ, ವೈಶಾಖ. ಹಿಂದಿಂದ." ಫಾಲ್ಗುಣ, ಮಾಘ, ಪುಷ್ಯ ಎಂದು ಹಿಡಿದು ಕಾರ್ತಿಕದ ಹತ್ತಿರ ನಿಂತೆ. ಆಮೇಲೆ ಭಾದ್ರಪದ ಎಂದೆ.

"ಆಶ್ವೀಜ ನುಂಗಿದ್ರು," ಎಂದರು ಅತ್ತೆ. "ಅಳಿಯಂದ್ರ ತಲಿಗೂ ಪೆಟ್ಟು ಬಿದ್ದೈತಿ ನೋಡು." ಹಿಂದಿನ ರಾತ್ರಿಯೇ ಅವರಿಗೂ ವಿಷಯ ತಿಳಿದಿತ್ತು.

ನಾನು ನಕ್ಕೆ. ನನ್ನ ಹೆಂಡತಿ ನಗಲಿಲ್ಲ.

"ನಮ್ಮ ದವಾಖಾನಿಗೆ ಪಂಜಾಬಿ ಅಜ್ಜಿ ಬಂದ್ರ, ಸೋಮಾಲಿ ಹುಡುಗ ಬಂದ್ರ ನಾ ಮೊದಲ ಫೋನ್ ಹಚ್ಚತೀನಿ. ದುಭಾಷಿ ಸಿಗೂತನಕ ತಲಿ ವಿಷಯ ಮುಟ್ಟೂದಿಲ್ಲ. ನಿನ್ನೆ ಆ ಫೋನು ನನ್ನ ಕಿಸೆದಾಗ ಇತ್ರೀ. ಹೊತ್ತೂ ಇತ್ತು. ಆಕಿ ಇಂಗ್ಲಿಷ್ ಎಷ್ಟ ಚಂದ ಮಾತಾಡಿದ್ಳು ಅಂದ್ರ, ಆಕಿಗೆ ಇನ್ನೊಂದು ಭಾಷಾ ಐತಿ ಅನ್ನೂದನ್ನ ನಾ ಮರತ್ನಿ."

"ಆದ್ರೂ ಪೆಟ್ಟಾಗಿರ್ಬಹುದಲ್ಲ?"

"ಆಗಿರಬಹುದು. ಆಗಿರಲಿಕ್ಕಿಲ್ಲ. ಗೊತ್ತಾಗೂ ಹಾದಿ ಇತ್ತು, ನಾ ಹಿಡೀಲಿಲ್ಲ." ಚಹಾದ ಲೋಟಗಳನ್ನು ಸಿಂಕಿಗೆ ಹಾಕಿದಳು. "ಆಕಿಗೆ ಹೇಳತೀನಿ ಇವತ್ತ."

ಹೇಳುವುದೇ ಸರಿ ಎಂದು ನನಗೂ ಅನಿಸಿತು. ನಮ್ಮ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಓದುಗರು ನೋಡಲಿ ಬಿಡಲಿ, ಹಾಕಲೇಬೇಕು. ಅದರ ಬಗ್ಗೆ ನಾನು ಎರಡು ಯೋಚನೆ ಮಾಡಿದವನಲ್ಲ. ಅವಳು ನನ್ನ ಅಭಿಪ್ರಾಯ ಕೇಳಲಿಲ್ಲ, ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ.

ಆ ದಿನ ಸೈಕ್ಲಿಂಗ್ ಕ್ರೀಡಾಂಗಣದಲ್ಲಿ ನಡೆದದ್ದನ್ನು ಅವಳ ಬಾಯಿಂದ ಕೇಳಿದ್ದೇನೆ. ಮೊದಲು ಡಚ್ ತಂಡದ ವೈದ್ಯರನ್ನು ಕಂಡಳು. ರಾತ್ರಿ ಹೋಟೆಲಿನಲ್ಲಿ ಅವರು ಹುಡುಗಿಯನ್ನು ಡಚ್ ಭಾಷೆಯಲ್ಲೇ ಪರೀಕ್ಷಿಸಿದ್ದರು. ತಿಂಗಳುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಳಂತೆ. "ಅದು ರಾತ್ರಿಯ ಮಾತು," ಎಂದರಂತೆ ಅವರು. "ಬಿದ್ದ ಹೊತ್ತಿನಲ್ಲಿ ಹೇಗಿತ್ತೋ, ನಾನು ಹೇಳಲಾರೆ. ನಿಮ್ಮ ಜಾಗದಲ್ಲಿದ್ದರೆ ನಾನೂ ತಡೆಯುತ್ತಿದ್ದೆನೇನೋ." ಒಮ್ಮೆ ತಲೆಪೆಟ್ಟಿನ ಸಂಶಯವೆಂದು ಹೇಳಿದ ಮೇಲೆ ಆ ಕೂಟದಲ್ಲಿ ಉಳಿದ ಯಾವ ಸ್ಪರ್ಧೆಗೂ ಹುಡುಗಿ ಇಳಿಯುವಂತಿರಲಿಲ್ಲ. ಅದೂ ನಿಯಮವೇ.

ಹುಡುಗಿ ತಂಡದ ಜಾಗದಲ್ಲಿ, ಸಾಲಾಗಿ ತೂಗುಹಾಕಿದ ಸೈಕಲ್ಲುಗಳ ಹತ್ತಿರ ಕೂತು ತನ್ನ ಜೊತೆಯವಳ ಶೂಗಳಿಗೆ ಅಂಟಿದ ಧೂಳು ಒರೆಸುತ್ತಿದ್ದಳು. ನನ್ನ ಹೆಂಡತಿ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ತಾನು ಇಂಗ್ಲಿಷಿನಲ್ಲಿ ಕೇಳಿದ್ದು, ತಾನೇ ಇವತ್ತಿಗೂ ಬೇರೆ ಭಾಷೆಯಲ್ಲಿ ಎಣಿಸುವುದು, ಫೋನಿನಲ್ಲಿ ಡಚ್ ಬಲ್ಲವರನ್ನು ಕರೆಯಬಹುದಾಗಿದ್ದದ್ದು, ಅದು ತೋಚದೆ ಹೋದದ್ದು. ಹುಡುಗಿ ಅಡ್ಡ ಬಾಯಿ ಹಾಕದೆ ಕೇಳಿದಳು.

"ಡಚ್‌ನಲ್ಲಿ ಕೇಳಿದ್ದರೆ ನನ್ನನ್ನು ಬಿಡುತ್ತಿದ್ದಿರಾ?"

"ಬಿಡುತ್ತಿದ್ದೆನೇನೋ. ಖಂಡಿತ ಎಂದು ಹೇಳಲಾರೆ."

ಹುಡುಗಿ ಇನ್ನೊಂದು ಶೂ ಕೈಗೆತ್ತಿಕೊಂಡಳು. "ನಿನ್ನೆ ರಾತ್ರಿ ನನಗೆ ನಿದ್ದೆ ಬಂದಿತ್ತು," ಎಂದಳು. "ತಲೆಗೆ ಪೆಟ್ಟಾಗಿತ್ತು, ಅದಕ್ಕೇ ಓಡಲಿಲ್ಲ ಎಂದುಕೊಂಡಿದ್ದೆ. ಅಪ್ಪನಿಗೂ ಹಾಗೇ ಹೇಳಿದ್ದೆ. ಇನ್ನು ಏನು ಹೇಳಲಿ?"

ಕೋಪದ ಮಾತಲ್ಲ, ನಿಜವಾಗಿಯೂ ಕೇಳುತ್ತಿದ್ದಳು ಎಂದು ನನ್ನ ಹೆಂಡತಿ ಹೇಳಿದಳು. ಅಷ್ಟರಲ್ಲಿ ಕೋಚ್ ಕರೆದ. ಹುಡುಗಿ ಎದ್ದು, ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಹೋದಳು.

ಅದೇ ಸಂಜೆ ಸ್ಪ್ರಿಂಟಿನ ಫೈನಲ್. ಡಚ್ ಹೆಂಗಸಿನ ಪಕ್ಕದಲ್ಲೇ ಮತ್ತೆ ನನ್ನ ಸೀಟು. ಹಿಂದಿನ ದಿನ ಮೂರನೆಯ ಓಟ ಓಡದೆಯೇ ಸೆಮಿಫೈನಲಿಗೆ ಹೋದ ಆ ಎದುರಾಳಿ ಈಗ ಕೊನೆಯ ಓಟದ ಗೆರೆಯ ಮೇಲಿದ್ದಳು. ನಮ್ಮ ಹುಡುಗಿ ಟ್ರ್ಯಾಕ್‌ಸೂಟಿನಲ್ಲಿ ಒಳಗಿನ ಕಟಕಟೆಗೆ ಒರಗಿ ನೋಡುತ್ತಿದ್ದಳು. "ನಮ್ಮ ಹುಡುಗಿ" ಎಂದೇ ಆ ಹೊತ್ತಿಗೆ ನನಗೂ ಬಾಯಿಗೆ ಬಂದಿತ್ತು.

"ಮೊದಲ ಓಟದಲ್ಲಿ ಇವಳನ್ನು ಹಿಂದೆ ಹಾಕಿದ್ದಳು ನಮ್ಮವಳು," ಎಂದರು ಪಕ್ಕದವರು. ಚಪ್ಪಾಳೆ ತಟ್ಟಬೇಕಾದಲ್ಲಿ ತಟ್ಟಿದರು.

ವಾಪಸು ಬರುವಾಗ ದಾರಿಯಲ್ಲಿ ಸ್ಟೋಕ್ ಊರು ದಾಟಿದ ಮೇಲೆ ನನ್ನ ಹೆಂಡತಿ ಕೇಳಿದಳು: "ಹೇಳಬಾರದಿತ್ತೇನ್ರೀ?"

"ನಂಗೊತ್ತಿಲ್ಲ ಮಾರಾಯ್ತಿ."

"ನಾ ಯಾರ ಸಲುವಾಗಿ ಹೇಳಿದ್ನಿ? ಆಕಿ ಸಲುವಾಗೋ, ನನ್ನ ಸಲುವಾಗೋ?"

ಈ ಪ್ರಶ್ನೆಯನ್ನು ನಾನು ತಿದ್ದುಪಡಿಗಳ ವಿಷಯದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತಿದ್ದುಪಡಿಯಿಂದ ಪತ್ರಿಕೆಯ ದಾಖಲೆ ಸರಿಯಾಗುತ್ತದೆ. ಅದರಲ್ಲಿ ಹೆಸರು ಬಂದವರ ಮನೆಯಲ್ಲಿ ಆಮೇಲೆ ಏನಾಗುತ್ತದೆ ಎಂದು ನೋಡುವ ಕೆಲಸ ನಮ್ಮದಲ್ಲ ಎಂದುಕೊಂಡೇ ಇಷ್ಟು ದಿನ ಕೆಲಸ ಮಾಡಿದ್ದೇನೆ.

"ಸಣ್ಣಾಕಿ ಅದಾಳ," ಎಂದಳು. "ಮುಂದಿನ ವರ್ಷ ಮತ್ತ ಬರ್ತಾಳ."

ಮುಂದಿನ ವರ್ಷದ ಚಾಂಪಿಯನ್‌ಶಿಪ್ ಬೇರೆ ದೇಶದಲ್ಲಿ ನಡೆಯಿತು. ಫಲಿತಾಂಶಗಳು ನನ್ನ ಮೇಜಿಗೆ ಬಂದಾಗ ಡಚ್ ತಂಡದ ಹೆಸರುಗಳನ್ನು ಪೂರ್ತಿ ಓದಿದೆ. ಬೆನ್ನು ನೋವಿನಿಂದ ಹೊರಗುಳಿದಿದ್ದವಳು ಇದ್ದಳು. ಈ ಹುಡುಗಿ ಇರಲಿಲ್ಲ. ಅದಾದ ವರ್ಷವೂ ಇರಲಿಲ್ಲ. ಒಬ್ಬಳು ತಂಡದಲ್ಲಿ ಇಲ್ಲದಿರಲು ನೂರು ಕಾರಣಗಳಿರಬಹುದು. ಬೇರೆಯವರ ಬರಹದಲ್ಲಿ ಇಂಥ ಎರಡು ಸಂಗತಿಗಳ ನಡುವೆ "ಆದ್ದರಿಂದ" ಎಂದಿದ್ದರೆ ನಾನು ಅದನ್ನು ಹೊಡೆದು ಹಾಕುತ್ತೇನೆ. ಇಲ್ಲೂ ಆ ಪದ ಬರೆಯುವುದಿಲ್ಲ.

ಹೆಸರು ಹುಡುಕಿದ್ದನ್ನು ನಾನು ಮನೆಯಲ್ಲಿ ಹೇಳಿಲ್ಲ. ನನ್ನ ಹೆಂಡತಿಯೂ ಹುಡುಕಿರಬಹುದು. ನಾವಿಬ್ಬರೂ ಆ ವಿಷಯ ಎತ್ತುವುದಿಲ್ಲ.