ಸೂಜಿ-ದಾರದ ಸಮೇತ

ತಾಯಲೂರಿನಲ್ಲಿ ನಂದು ಮದುವೆ ಪತ್ರಿಕೆ ಅಚ್ಚು ಹಾಕುವ ಅಂಗಡಿ. ಕನ್ನಡ, ಉರ್ದು ಎರಡನ್ನೂ ಒಂದೇ ಪತ್ರಿಕೆಯಲ್ಲಿ ಕೂರಿಸುವ ಮುಕ್ತ ತಂತ್ರಾಂಶ ಬರೆದವಳು ಮುಳಬಾಗಿಲಿಗೆ ಸೊಸೆಯಾಗಿ ಬಂದ ರುಮಾನಾ. ನನ್ನ ಹಳೇ ಕಂಪ್ಯೂಟರು ಮಾತ್ರ ಅದನ್ನು ಹಾಕಿದಾಗಲೆಲ್ಲ ಫಾಂಟಿಲ್ಲ, ಜೊತೆಗೆ ಬೇಕಾದ ಲೈಬ್ರರಿ ಫೈಲಿಲ್ಲ ಅಂತ ರಗಳೆ ತೆಗೆಯುತ್ತಿತ್ತು. ಇಳಿಸಿಕೊಳ್ಳೋಣವೆಂದರೆ ಇಲ್ಲಿ ನೆಟ್ಟೂ ಸರಿಯಿಲ್ಲ.

ತಂತ್ರಾಂಶ ಕಟ್ಟಿಕೊಡುವ ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್ ಅನ್ನುವ ಬಗೆಗಳನ್ನೆಲ್ಲ ರುಮಾನಾ ನೋಡಿ, ಅವೂ ನೆಟ್ಟು ಕೇಳುತ್ತವೆಂದು ಕೈಬಿಟ್ಟಳು. ಕೊನೆಗೆ ಬೇಕಾದ್ದನ್ನೆಲ್ಲ ಆ್ಯಪ್‌ಇಮೇಜ್ ಅನ್ನುವ ಒಂದೇ ಫೈಲಿಗೆ ತುಂಬಿ ಪೆನ್‌ಡ್ರೈವಿನಲ್ಲಿ ತಂದಳು. ಒತ್ತಿದೆ, ತೆರೆದುಕೊಂಡಿತು.

"ಫೈಲು ಇಷ್ಟು ದೊಡ್ಡದು ಯಾಕಮ್ಮಾ?" ಅಂದೆ.

"ಮದುವೇಲಿ ಅಮ್ಮಿ ನನ್ನ ಪೆಟ್ಟಿಗೇಲಿ ಸೂಜಿ-ದಾರಾನೂ ಇಟ್ಟಿದ್ರು ಅಣ್ಣಾ. ಹೋದ ಮನೇಲಿ ಮೊದಲ ದಿನವೇ ಯಾರನ್ನೂ ಕೇಳೋ ಹಾಗಾಗಬಾರದು ಅಂತ."

ಅಚ್ಚಾದ ಮೊದಲ ಪತ್ರಿಕೆಯನ್ನು ರುಮಾನಾಳ ತವರು ಶ್ರೀನಿವಾಸಪುರಕ್ಕೆ ಹೋಗಿ ಆ ಅಮ್ಮಿಯ ಕೈಗೆ ಕೊಟ್ಟು ಬಂದೆ.